ಶ್ರೀಸಾಮಾನ್ಯರ ಪ್ರೇಷಿತಕಾರ್ಯ

ಶ್ರೀಸಾಮಾನ್ಯರ ಪ್ರೇಷಿತಕಾರ್ಯ ಎಂದರೆ ಕಥೋಲಿಕ ಧರ್ಮಸಭೆಯಲ್ಲಿ ಗುರುದೀಕ್ಷೆ ಪಡೆಯದ ಮತ್ತು ಸನ್ಯಾಸ ಸಭೆಗಳಿಗೆ ಸೇರದ ಸಾಮಾನ್ಯ ವಿಶ್ವಾಸಿಗಳು ತಮ್ಮ ಕುಟುಂಬ, ಉದ್ಯೋಗ, ನೆರೆಹೊರೆ ಹಾಗೂ ಸಾರ್ವಜನಿಕ ಜೀವನದ ಮೂಲಕ ತಮ್ಮ ವಿಶ್ವಾಸವನ್ನು ಇತರರೊಂದಿಗೆ ಹಂಚಿಕೊಳ್ಳುವ ಕಾರ್ಯ. ಜಗತ್ತಿನ ಸುಮಾರು 140 ಕೋಟಿ ಕಥೋಲಿಕರಲ್ಲಿ ಗುರುಗಳ ಸಂಖ್ಯೆ ಸುಮಾರು 4 ಲಕ್ಷ ಮಾತ್ರ. ಧರ್ಮಸಭೆಯ ಸದಸ್ಯರಲ್ಲಿ ಬಹುತೇಕ ಎಲ್ಲರೂ ಶ್ರೀಸಾಮಾನ್ಯರೇ ಆಗಿದ್ದಾರೆ. ಗುರುಗಳು ಪ್ರವೇಶಿಸದ ಮನೆ, ಕಚೇರಿ, ಕಾರ್ಖಾನೆ, ಹೊಲ ಮತ್ತು ಮಾರುಕಟ್ಟೆಗಳಲ್ಲಿ ವಿಶ್ವಾಸಕ್ಕೆ ಸಾಕ್ಷಿಗಳಾಗುವ ಹೊಣೆ ಇವರದು ಎಂದು ಧರ್ಮಸಭೆ ಬೋಧಿಸುತ್ತದೆ. ಈ ಬೋಧನೆಯು ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ (1962–1965) ಸ್ಪಷ್ಟ ರೂಪ ಪಡೆಯಿತು. ವಿಶ್ವಾಸವನ್ನು ಹಂಚಿಕೊಳ್ಳುವುದಕ್ಕೂ ಮತಾಂತರಕ್ಕೆ ಒತ್ತಡ ಹೇರುವುದಕ್ಕೂ ಇರುವ ವ್ಯತ್ಯಾಸವು ಈ ವಿಷಯದ ಕುರಿತ ಚರ್ಚೆಯಲ್ಲಿ, ವಿಶೇಷವಾಗಿ ಭಾರತದಲ್ಲಿ, ಪ್ರಮುಖ ಸ್ಥಾನ ಪಡೆದಿದೆ.

ಪದದ ಅರ್ಥ

'ಪ್ರೇಷಿತ' ಎಂದರೆ ಕಳುಹಿಸಲ್ಪಟ್ಟವನು. ಕನ್ನಡದ ಕಥೋಲಿಕ ಬಳಕೆಯಲ್ಲಿ ಯೇಸುಕ್ರಿಸ್ತನ ಹನ್ನೆರಡು ಮಂದಿ ಆಪ್ತ ಶಿಷ್ಯರನ್ನು ಪ್ರೇಷಿತರು ಎಂದು ಕರೆಯಲಾಗುತ್ತದೆ. ಅವರಿಗೆ ವಹಿಸಲಾದ ಕಾರ್ಯದಲ್ಲಿ ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಪಾಲಿದೆ ಎಂಬ ಅರ್ಥದಲ್ಲಿ 'ಪ್ರೇಷಿತಕಾರ್ಯ' ಎಂಬ ಪದವನ್ನು ಬಳಸಲಾಗುತ್ತದೆ. 'ಶ್ರೀಸಾಮಾನ್ಯರು' ಎಂಬ ಪದವು ಧರ್ಮಾಧ್ಯಕ್ಷರು, ಗುರುಗಳು, ಉಪಯಾಜಕರು, ಸನ್ಯಾಸಿಗಳು ಮತ್ತು ಸನ್ಯಾಸಿನಿಯರನ್ನು ಹೊರತುಪಡಿಸಿ ಉಳಿದ ಎಲ್ಲ ವಿಶ್ವಾಸಿಗಳನ್ನು ಸೂಚಿಸುತ್ತದೆ.

ಬೈಬಲ್ ಮತ್ತು ಆದಿ ಕ್ರೈಸ್ತರ ಕಾಲ

ಹೊಸ ಒಡಂಬಡಿಕೆಯಲ್ಲಿ ವಿಶ್ವಾಸವು ಒಬ್ಬರಿಂದ ಒಬ್ಬರಿಗೆ ಹರಡಿದ ಹಲವು ಪ್ರಸಂಗಗಳಿವೆ. ಯೊವಾನ್ನನ ಶುಭಸಂದೇಶದ ಪ್ರಕಾರ ಅಂದ್ರೆಯನು ಮೊದಲು ತನ್ನ ಸ್ವಂತ ಸಹೋದರ ಸಿಮೋನನನ್ನು ಕಂಡು, ಅವನನ್ನು ಯೇಸುವಿನ ಬಳಿಗೆ ಕರೆತಂದನು. ಬಾವಿಯ ಬಳಿ ಯೇಸುವಿನೊಡನೆ ಮಾತನಾಡಿದ ಸಮಾರ್ಯದ ಸ್ತ್ರೀ ತನ್ನ ಕೊಡವನ್ನು ಅಲ್ಲಿಯೇ ಬಿಟ್ಟು ಊರಿಗೆ ಹೋಗಿ, ತಾನು ಕಂಡದ್ದನ್ನು ಜನರಿಗೆ ತಿಳಿಸಿದಳು. ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 18ನೇ ಅಧ್ಯಾಯದಲ್ಲಿ ಅಕ್ವಿಲ ಮತ್ತು ಪ್ರಿಸಿಲ್ಲ ಎಂಬ ದಂಪತಿಯ ವಿವರ ಬರುತ್ತದೆ. ಗುಡಾರ ಮಾಡುವ ಕಸುಬಿನ ಇವರು ಸಂತ ಪೌಲನಿಗೆ ತಮ್ಮ ಮನೆಯಲ್ಲಿ ಆಶ್ರಯ ನೀಡಿದ್ದಲ್ಲದೆ, ವಾಗ್ಮಿಯಾಗಿದ್ದ ಅಪೊಲ್ಲೋಸನನ್ನು ಪ್ರತ್ಯೇಕವಾಗಿ ಕರೆದು ಅವನ ತಿಳಿವಳಿಕೆಯನ್ನು ಪೂರ್ಣಗೊಳಿಸಿದರು.

ಪೇತ್ರನ ಮೊದಲನೆಯ ಪತ್ರವು (3:15) ವಿಶ್ವಾಸಿಗಳು ತಮ್ಮಲ್ಲಿರುವ ಭರವಸೆಗೆ ಕಾರಣ ಕೇಳುವವರಿಗೆ ಉತ್ತರಿಸಲು ಸದಾ ಸಿದ್ಧರಾಗಿರಬೇಕು, ಆದರೆ ಆ ಉತ್ತರವು ವಿನಯ ಮತ್ತು ಗೌರವದಿಂದ ಕೂಡಿರಬೇಕು ಎಂದು ತಿಳಿಸುತ್ತದೆ. ಮೊದಲು ಪ್ರಶ್ನೆ ಹುಟ್ಟುವಂತಹ ಜೀವನ, ಅನಂತರ ಗೌರವಯುತವಾದ ಉತ್ತರ ಎಂಬ ಈ ಕ್ರಮವನ್ನು ಮುಂದಿನ ಧರ್ಮಸಭಾ ಬೋಧನೆಯು ಆಧಾರವಾಗಿ ಇಟ್ಟುಕೊಂಡಿದೆ.

ಎರಡನೇ ವ್ಯಾಟಿಕನ್ ಮಹಾಸಭೆಯ ಬೋಧನೆ

ಶತಮಾನಗಳ ಕಾಲ ಧರ್ಮಪ್ರಚಾರವು ಮುಖ್ಯವಾಗಿ ಗುರುಗಳು ಮತ್ತು ಸನ್ಯಾಸ ಸಭೆಗಳ ಕೆಲಸವೆಂಬ ಭಾವನೆ ಬೇರೂರಿತ್ತು. ಶ್ರೀಸಾಮಾನ್ಯರು ಅವರಿಗೆ ನೆರವಾಗುವವರು ಮಾತ್ರ ಎಂದು ಪರಿಗಣಿಸಲಾಗುತ್ತಿತ್ತು. 1964ರ ನವೆಂಬರ್ 21ರಂದು ಪ್ರಕಟವಾದ 'ಲುಮೆನ್ ಜೆಂಸಿಯುಂ' ಎಂಬ ಸಂವಿಧಾನವು ಈ ದೃಷ್ಟಿಯನ್ನು ಬದಲಿಸಿತು. ಅದರ ನಾಲ್ಕನೆಯ ಅಧ್ಯಾಯವು ಸಂಪೂರ್ಣವಾಗಿ ಶ್ರೀಸಾಮಾನ್ಯರಿಗೆ ಮೀಸಲಾಗಿದೆ. ದೀಕ್ಷಾಸ್ನಾನದ ಮೂಲಕ ಅವರು ಕ್ರಿಸ್ತನ ಯಾಜಕ, ಪ್ರವಾದಿ ಮತ್ತು ರಾಜ ಎಂಬ ಮೂರು ಪಾತ್ರಗಳಲ್ಲಿ ಪಾಲು ಪಡೆಯುತ್ತಾರೆ ಎಂದು ಅದು ಹೇಳುತ್ತದೆ. ಲೌಕಿಕ ವ್ಯವಹಾರಗಳನ್ನು ತೊರೆಯದೆ, ಅವುಗಳ ನಡುವೆಯೇ ದೇವರ ರಾಜ್ಯವನ್ನು ಅರಸುವುದು ಶ್ರೀಸಾಮಾನ್ಯರ ವಿಶಿಷ್ಟ ಕರೆ ಎಂಬುದು ಇದರ ತಿರುಳು.

1965ರ ನವೆಂಬರ್ 18ರಂದು ಪೋಪ್ ಆರನೇ ಪೌಲರು 'ಅಪೊಸ್ತೊಲಿಕಾಂ ಆಕ್ತುವೊಸಿತಾತೆಂ' ಎಂಬ ಆಜ್ಞಾಪತ್ರವನ್ನು ಘೋಷಿಸಿದರು. ಶ್ರೀಸಾಮಾನ್ಯರ ಪ್ರೇಷಿತಕಾರ್ಯವನ್ನೇ ವಿಷಯವಾಗಿ ಉಳ್ಳ ಈ ದಾಖಲೆಯ ಪರವಾಗಿ 2,340 ಮತಗಳೂ ವಿರುದ್ಧವಾಗಿ 2 ಮತಗಳೂ ಬಂದವು. ಈ ಕಾರ್ಯದ ಹಕ್ಕು ಮತ್ತು ಹೊಣೆ ಶ್ರೀಸಾಮಾನ್ಯರಿಗೆ ಮೂಲತಃ ದೀಕ್ಷಾಸ್ನಾನ ಹಾಗೂ ದೃಢೀಕರಣ ಸಂಸ್ಕಾರಗಳಿಂದಲೇ ಬರುತ್ತವೆ ಎಂದು ಇದು ಸ್ಪಷ್ಟಪಡಿಸುತ್ತದೆ. ಸಂಘಗಳ ಮೂಲಕ ನಡೆಯುವ ಕಾರ್ಯವನ್ನು ಪ್ರೋತ್ಸಾಹಿಸುತ್ತಲೇ, ವ್ಯಕ್ತಿಯೊಬ್ಬನು ಒಂಟಿಯಾಗಿ ನಡೆಸುವ ಸಾಕ್ಷ್ಯವೇ ಉಳಿದೆಲ್ಲಕ್ಕೂ ಮೂಲವೆಂದು ಹೇಳುತ್ತದೆ.

1983ರಲ್ಲಿ ಪ್ರಕಟವಾದ ಧರ್ಮಸಭಾ ಕಾನೂನು ಸಂಹಿತೆಯು ಈ ಬೋಧನೆಗೆ ಕಾನೂನಿನ ರೂಪ ನೀಡಿತು. ಅದರ 225ನೇ ವಿಧಿಯು ಶುಭಸಂದೇಶವನ್ನು ತಿಳಿಸುವ ಹೊಣೆ ಮತ್ತು ಹಕ್ಕನ್ನೂ, 226ನೇ ವಿಧಿಯು ಮಕ್ಕಳಿಗೆ ಧಾರ್ಮಿಕ ಶಿಕ್ಷಣ ನೀಡುವ ತಂದೆತಾಯಿಯರ ಕರ್ತವ್ಯವನ್ನೂ, 229ನೇ ವಿಧಿಯು ಧರ್ಮಬೋಧನೆಯನ್ನು ಅರಿತುಕೊಳ್ಳಬೇಕಾದ ಅಗತ್ಯವನ್ನೂ ವಿವರಿಸುತ್ತವೆ. ಬಲಿಪೂಜೆಯ ಪ್ರಬೋಧನೆಯನ್ನು ಮಾತ್ರ ಗುರುಗಳಿಗೆ ಅಥವಾ ಉಪಯಾಜಕರಿಗೆ ಮೀಸಲಿಡಲಾಗಿದೆ.

ಅನಂತರದ ದಾಖಲೆಗಳಲ್ಲಿ ನಾಲ್ಕು ಮುಖ್ಯವಾದವು:

ಎವಾಂಜೆಲಿಯಿ ನುಂಸಿಯಾಂದಿ (1975): ಆರನೇ ಪೌಲರ ಈ ಪತ್ರವು ಇಂದಿನ ಮನುಷ್ಯನು ಬೋಧಕರಿಗಿಂತ ಸಾಕ್ಷಿಗಳಿಗೆ ಹೆಚ್ಚು ಕಿವಿಗೊಡುತ್ತಾನೆ ಎಂದು ಗುರುತಿಸಿತು. ಜೊತೆಗೆ, ಮೌನ ಸಾಕ್ಷ್ಯವೊಂದೇ ಸಾಲದು, ತಕ್ಕ ಸಮಯದಲ್ಲಿ ಅದಕ್ಕೆ ಮಾತಿನ ವಿವರಣೆಯೂ ಬೇಕು ಎಂದಿತು.

ಕ್ರಿಸ್ತಿಫಿದೇಲೆಸ್ ಲಾಯಿಚಿ (1988): ಪೋಪ್ ಎರಡನೇ ಜಾನ್ ಪೌಲರು ಶ್ರೀಸಾಮಾನ್ಯರ ಕರೆ ಮತ್ತು ಕಾರ್ಯದ ಬಗ್ಗೆ ಬರೆದ ವಿಸ್ತಾರವಾದ ಪತ್ರ. ವಿಶ್ವಾಸ ಮತ್ತು ದೈನಂದಿನ ಜೀವನಗಳು ಬೇರ್ಪಡುವುದನ್ನು ಇದು ದೊಡ್ಡ ಅಪಾಯವೆಂದು ಪರಿಗಣಿಸುತ್ತದೆ.

ಎವಾಂಜೆಲಿಯಿ ಗೌದಿಯುಂ (2013): ಪೋಪ್ ಫ್ರಾನ್ಸಿಸರು ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರನ್ನೂ ಏಕಕಾಲದಲ್ಲಿ ಶಿಷ್ಯ ಮತ್ತು ಪ್ರೇಷಿತ ಎಂದು ಕರೆದರು.

ಆಂತಿಕ್ವುಂ ಮಿನಿಸ್ತೇರಿಯುಂ (2021): ಶ್ರೀಸಾಮಾನ್ಯ ಧರ್ಮೋಪದೇಶಕರ ಸೇವೆಗೆ ಈ ಪತ್ರದ ಮೂಲಕ ಅಧಿಕೃತ ಸ್ಥಾನ ದೊರೆಯಿತು.

ದೈನಂದಿನ ಜೀವನದಲ್ಲಿ ಅದರ ಸ್ವರೂಪ

ಕುಟುಂಬ

'ಲುಮೆನ್ ಜೆಂಸಿಯುಂ' ಕುಟುಂಬವನ್ನು ಮನೆಯೊಳಗಿನ ಧರ್ಮಸಭೆ ಎಂಬ ಅರ್ಥದಲ್ಲಿ ವರ್ಣಿಸುತ್ತದೆ. ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು ತಂದೆತಾಯಿಯರು. ಊಟಕ್ಕೆ ಮುನ್ನ ಪ್ರಾರ್ಥನೆ, ಸಂಜೆಯ ಜಪಸರ, ಭಾನುವಾರದ ಬಲಿಪೂಜೆ, ತಪ್ಪಾದಾಗ ಕ್ಷಮೆ ಕೇಳುವುದು ಮತ್ತು ಕ್ಷಮಿಸುವುದು ಇದರ ಸಾಮಾನ್ಯ ರೂಪಗಳು. 2015ರ ಅಕ್ಟೋಬರ್ 18ರಂದು ಫ್ರಾನ್ಸಿನ ಲೂಯಿ ಮತ್ತು ಝೇಲಿ ಮಾರ್ಟಿನ್ ದಂಪತಿಯನ್ನು ಒಟ್ಟಿಗೆ ಸಂತರೆಂದು ಘೋಷಿಸಲಾಯಿತು. ಗಡಿಯಾರ ರಿಪೇರಿ ಮತ್ತು ಕಸೂತಿ ಉದ್ಯಮ ನಡೆಸುತ್ತಿದ್ದ ಇವರು ಲಿಸಿಯುವಿನ ಸಂತ ತೆರೇಸರ ತಂದೆತಾಯಿ.

ಉದ್ಯೋಗ

ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವುದು, ಲಂಚವನ್ನು ನಿರಾಕರಿಸುವುದು, ಕೈಕೆಳಗಿನವರನ್ನು ಗೌರವದಿಂದ ಕಾಣುವುದು ಪ್ರೇಷಿತಕಾರ್ಯದ ಭಾಗವೆಂದು ಧರ್ಮಸಭೆ ಬೋಧಿಸುತ್ತದೆ. ಬೆಲ್ಜಿಯಂನ ಜೋಸೆಫ್ ಕಾರ್ಡೈನ್ ಎಂಬ ಗುರುಗಳು ಯುವ ಕಾರ್ಮಿಕರ ನಡುವೆ ಬೆಳೆಸಿದ ಚಳವಳಿಯು 'ನೋಡು, ತೀರ್ಮಾನಿಸು, ಕಾರ್ಯಪ್ರವೃತ್ತನಾಗು' ಎಂಬ ಮೂರು ಹೆಜ್ಜೆಗಳ ವಿಧಾನವನ್ನು ಅನುಸರಿಸಿತು. ಕಾರ್ಮಿಕರು ಮೊದಲು ತಮ್ಮ ಪರಿಸ್ಥಿತಿಯನ್ನು ಗಮನಿಸಿ, ಶುಭಸಂದೇಶದ ಬೆಳಕಿನಲ್ಲಿ ಅದನ್ನು ಅಳೆದು, ಬಳಿಕ ಮಾಡಬಹುದಾದ ಕೆಲಸವನ್ನು ನಿರ್ಧರಿಸುತ್ತಿದ್ದರು. 1961ರಲ್ಲಿ ಪೋಪ್ ಇಪ್ಪತ್ತಮೂರನೇ ಜಾನರು ತಮ್ಮ ವಿಶ್ವಪತ್ರದಲ್ಲಿ ಈ ವಿಧಾನವನ್ನು ಶಿಫಾರಸು ಮಾಡಿದರು.

ಮಾತುಕತೆ

'ಎವಾಂಜೆಲಿಯಿ ಗೌದಿಯುಂ' ಪತ್ರದ 127 ಮತ್ತು 128ನೇ ಪರಿಚ್ಛೇದಗಳು ಮನೆಗೆ ಭೇಟಿ ನೀಡಿದಾಗ ಅಥವಾ ದಾರಿಯಲ್ಲಿ ಸಿಕ್ಕಾಗ ನಡೆಯುವ ಅನೌಪಚಾರಿಕ ಹಂಚಿಕೆಯನ್ನು ವಿವರಿಸುತ್ತವೆ. ಅದರ ಕ್ರಮ ಹೀಗಿದೆ:

1. ಮೊದಲು ಎದುರಿನ ವ್ಯಕ್ತಿಯ ಸಂತೋಷ, ಆಸೆ ಮತ್ತು ಆತಂಕಗಳನ್ನು ಆಲಿಸಬೇಕು.
2. ಅನಂತರವೇ ದೇವರ ವಾಕ್ಯದ ಮಾತನ್ನು ಎತ್ತಬಹುದು. ಅದು ಒಂದು ವಚನವಾಗಿರಬಹುದು ಅಥವಾ ಒಂದು ಕಥೆಯಾಗಿರಬಹುದು.
3. ಹೇಳುವವನು ತಾನೂ ಕಲಿಯುತ್ತಿರುವವನೆಂಬ ವಿನಯದಿಂದ, ತನ್ನ ಅನುಭವವನ್ನು ಸಾಕ್ಷ್ಯರೂಪದಲ್ಲಿ ಹೇಳಬೇಕು.
4. ಸಂದರ್ಭ ಸೂಕ್ತವೆನಿಸಿದರೆ ಆ ವ್ಯಕ್ತಿಯ ಕಷ್ಟಕ್ಕೆ ಸಂಬಂಧಿಸಿದ ಚಿಕ್ಕ ಪ್ರಾರ್ಥನೆಯೊಂದಿಗೆ ಮುಗಿಸಬಹುದು.

ಸೇವೆ

ಹಸಿದವರಿಗೆ ಅನ್ನ ನೀಡುವುದು, ರೋಗಿಗಳನ್ನು ಕಾಣುವುದು, ಸೆರೆಯಲ್ಲಿರುವವರನ್ನು ಸಂದರ್ಶಿಸುವುದು, ಸತ್ತವರನ್ನು ಮಣ್ಣುಮಾಡುವುದು ಮುಂತಾದ ಏಳು ಶಾರೀರಿಕ ದಯಾಕಾರ್ಯಗಳನ್ನೂ, ದುಃಖಿತರನ್ನು ಸಂತೈಸುವುದು, ಅಪರಾಧಗಳನ್ನು ಕ್ಷಮಿಸುವುದು ಮುಂತಾದ ಏಳು ಆಧ್ಯಾತ್ಮಿಕ ದಯಾಕಾರ್ಯಗಳನ್ನೂ ಕಥೋಲಿಕ ಸಂಪ್ರದಾಯ ಪಟ್ಟಿಮಾಡಿದೆ. 2006ರ ಜನವರಿಯಲ್ಲಿ ಪ್ರಕಟವಾದ ತಮ್ಮ ಮೊದಲ ವಿಶ್ವಪತ್ರದಲ್ಲಿ ಪೋಪ್ ಹದಿನಾರನೇ ಬೆನೆಡಿಕ್ಟರು ಸೇವೆಯನ್ನು ಬೇರೊಂದು ಗುರಿ ಸಾಧಿಸುವ ಸಾಧನವಾಗಿ ಬಳಸಬಾರದೆಂದು ಬರೆದರು. ದೇವರ ಬಗ್ಗೆ ಯಾವಾಗ ಮಾತನಾಡಬೇಕು, ಯಾವಾಗ ಮೌನವಾಗಿ ಪ್ರೀತಿಯೊಂದೇ ಮಾತನಾಡುವಂತೆ ಬಿಡಬೇಕು ಎಂಬುದನ್ನು ಕ್ರೈಸ್ತನು ಅರಿತಿರಬೇಕೆಂಬುದು ಅವರ ನಿಲುವು.

ಅಂತರ್ಜಾಲ

ಇಟಲಿಯ ಕಾರ್ಲೊ ಅಕುತಿಸ್ (1991–2006) ಎಂಬ ಬಾಲಕ ಪರಮಪ್ರಸಾದಕ್ಕೆ ಸಂಬಂಧಿಸಿದ ಅದ್ಭುತಗಳ ಮಾಹಿತಿಯನ್ನು ಸಂಗ್ರಹಿಸಿ ಜಾಲತಾಣ ರೂಪಿಸಿದ್ದನು. 15ನೇ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರ್‌ನಿಂದ ಮರಣ ಹೊಂದಿದ ಅವನನ್ನು 2025ರ ಸೆಪ್ಟೆಂಬರ್ 7ರಂದು ಪೋಪ್ ಹದಿನಾಲ್ಕನೇ ಲಿಯೊ ಅವರು ಸಂತನೆಂದು ಘೋಷಿಸಿದರು. ಬಡವರ ಸೇವೆಯಲ್ಲಿ ತೊಡಗಿದ್ದ ತೂರಿನ್ ನಗರದ ವಿದ್ಯಾರ್ಥಿ ಪಿಯೆರ್ ಜೊರ್ಜೊ ಫ್ರಸ್ಸಾತಿ (1901–1925) ಅವರಿಗೂ ಅದೇ ದಿನ ಸಂತಪದವಿ ದೊರೆಯಿತು.

ಐತಿಹಾಸಿಕ ನಿದರ್ಶನಗಳು

ಕೊರಿಯಾ

ಕೊರಿಯಾದಲ್ಲಿ ಕಥೋಲಿಕ ಸಮುದಾಯವು ವಿದೇಶಿ ಗುರುಗಳ ಆಗಮನಕ್ಕಿಂತ ಮೊದಲೇ ಶ್ರೀಸಾಮಾನ್ಯರಿಂದ ಆರಂಭವಾಯಿತು. ಚೀನಾದಿಂದ ಬಂದ ಪುಸ್ತಕಗಳನ್ನು ಓದಿ ಚರ್ಚಿಸುತ್ತಿದ್ದ ವಿದ್ವಾಂಸರ ಬಳಗವು ಯಿ ಸುಂಗ್-ಹುನ್ ಎಂಬುವರನ್ನು ಬೀಜಿಂಗ್‌ನಲ್ಲಿ ಕ್ರೈಸ್ತಧರ್ಮದ ಬಗ್ಗೆ ತಿಳಿದು ಬರಲು ಪ್ರೇರೇಪಿಸಿತು. 1784ರಲ್ಲಿ ಅಲ್ಲಿ ದೀಕ್ಷಾಸ್ನಾನ ಪಡೆದ ಅವರು ಸ್ವದೇಶಕ್ಕೆ ಮರಳಿ ತಮ್ಮ ಗೆಳೆಯರಿಗೆ ದೀಕ್ಷಾಸ್ನಾನ ನೀಡಿದರು. ಜಾಂಗ್ ಯಾಕ್-ಜಾಂಗ್ ಅವರು ಚೀನೀ ಲಿಪಿ ಅರಿಯದ ಜನಸಾಮಾನ್ಯರಿಗಾಗಿ ಕೊರಿಯನ್ ಲಿಪಿಯಲ್ಲಿ ಧರ್ಮೋಪದೇಶದ ಪುಸ್ತಕ ಬರೆದರು. ಮುಂದಿನ ಒಂದು ಶತಮಾನದಲ್ಲಿ ಅಲ್ಲಿ ತೀವ್ರ ಹಿಂಸೆ ನಡೆಯಿತು. ಹುತಾತ್ಮರಾದವರಲ್ಲಿ 103 ಮಂದಿಯನ್ನು 1984ರಲ್ಲಿ ಸಂತರೆಂದೂ, 124 ಮಂದಿಯನ್ನು 2014ರಲ್ಲಿ ಪುನೀತರೆಂದೂ ಘೋಷಿಸಲಾಯಿತು. ಇವರಲ್ಲಿ ಬಹುಪಾಲು ಶ್ರೀಸಾಮಾನ್ಯರು.

ಜಪಾನ್

1614ರಲ್ಲಿ ಜಪಾನಿನಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಲಾಯಿತು. ಗುರುಗಳಿಲ್ಲದೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಅಲ್ಲಿನ ರೈತರು ಮತ್ತು ಮೀನುಗಾರರು ಗುಪ್ತವಾಗಿ ಮಕ್ಕಳಿಗೆ ದೀಕ್ಷಾಸ್ನಾನ ನೀಡುತ್ತಾ, ಪ್ರಾರ್ಥನೆಗಳನ್ನು ಬಾಯಿಂದ ಬಾಯಿಗೆ ಕಲಿಸುತ್ತಾ ವಿಶ್ವಾಸವನ್ನು ಉಳಿಸಿಕೊಂಡರು. 1865ರ ಮಾರ್ಚ್ 17ರಂದು ನಾಗಸಾಕಿಯ ಊರಾ ದೇವಾಲಯಕ್ಕೆ ಬಂದ ಗುಂಪೊಂದು ಅಲ್ಲಿನ ಫ್ರೆಂಚ್ ಗುರು ಬರ್ನಾರ್ ಪೆಟಿಜಾನ್ ಅವರಿಗೆ ತಮ್ಮ ಗುರುತನ್ನು ತಿಳಿಸಿತು.

ಸಂತ ದೇವಸಹಾಯಂ

ಸಹೋದ್ಯೋಗಿಯ ಮಾತಿನಿಂದ ವಿಶ್ವಾಸ ತಲುಪಿದ್ದಕ್ಕೆ ಭಾರತದ ಪ್ರಸಿದ್ಧ ನಿದರ್ಶನ ಸಂತ ದೇವಸಹಾಯಂ. 1712ರಲ್ಲಿ ಇಂದಿನ ಕನ್ಯಾಕುಮಾರಿ ಜಿಲ್ಲೆಯ ನಟ್ಟಾಲಂನಲ್ಲಿ ನೀಲಕಂಠ ಪಿಳ್ಳೈ ಎಂಬ ಹೆಸರಿನಿಂದ ಜನಿಸಿದ ಇವರು ತಿರುವಾಂಕೂರು ಸಂಸ್ಥಾನದ ಅಧಿಕಾರಿಯಾಗಿದ್ದರು. 1741ರ ಕೊಳಚಲ್ ಕದನದ ಬಳಿಕ ಸೆರೆಸಿಕ್ಕು, ಮುಂದೆ ಮಹಾರಾಜ ಮಾರ್ತಾಂಡ ವರ್ಮನ ಸೇನೆಗೆ ತರಬೇತಿ ನೀಡಿದ ಡಚ್ ಅಧಿಕಾರಿ ಯೂಸ್ಟೇಷಿಯಸ್ ಡಿ ಲನಾಯ್ ಇವರ ಪರಿಚಿತರಾದರು. ಕಷ್ಟನಷ್ಟಗಳಿಂದ ಕುಗ್ಗಿದ್ದ ನೀಲಕಂಠರಿಗೆ ಡಿ ಲನಾಯ್ ಬೈಬಲ್ಲಿನ ಯೋಬನ ಕಥೆಯನ್ನು ಹೇಳಿ ಸಮಾಧಾನಪಡಿಸಿದರೆಂದು ಅವರ ಜೀವನಚರಿತ್ರೆಗಳು ತಿಳಿಸುತ್ತವೆ. 1745ರಲ್ಲಿ ವಡಕ್ಕನ್‌ಕುಳಂನಲ್ಲಿ ಅವರು ದೀಕ್ಷಾಸ್ನಾನ ಪಡೆದರು.

ಎಲ್ಲ ಜಾತಿಯವರೊಡನೆ ಸಮಾನವಾಗಿ ಬೆರೆಯುತ್ತಿದ್ದ ದೇವಸಹಾಯಂ 1749ರಲ್ಲಿ ಬಂಧಿತರಾದರು. ಸುಮಾರು ಮೂರು ವರ್ಷ ಹಿಂಸೆ ಅನುಭವಿಸಿದ ಬಳಿಕ 1752ರ ಜನವರಿ 14ರಂದು ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. 2022ರ ಮೇ 15ರಂದು ಪೋಪ್ ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು. ಭಾರತದ ಶ್ರೀಸಾಮಾನ್ಯರಲ್ಲಿ ಈ ಪದವಿ ಪಡೆದ ಮೊದಲಿಗರು ಇವರು. ಈ ಸಂದರ್ಭದಲ್ಲಿ ಜಾತಿಸೂಚಕವಾದ 'ಪಿಳ್ಳೈ' ಪದವನ್ನು ಅವರ ಹೆಸರಿನಿಂದ ಕೈಬಿಡಲಾಯಿತು.

ಶ್ರೀಸಾಮಾನ್ಯರು ಸ್ಥಾಪಿಸಿದ ಸಂಘಗಳು

ಕೆಲವು ಪ್ರಮುಖ ಕಥೋಲಿಕ ಸಂಘಗಳು ಶ್ರೀಸಾಮಾನ್ಯರಿಂದಲೇ ಆರಂಭವಾದವು. 1822ರಲ್ಲಿ ಫ್ರಾನ್ಸಿನ ಲಿಯೋನ್‌ನಲ್ಲಿ ಸ್ಥಾಪನೆಯಾದ ಧರ್ಮಪ್ರಸಾರ ಸಂಘದ ಹಿಂದೆ ಪಾಲಿನ್ ಜಾರಿಕೊ ಎಂಬ ಯುವತಿಯ ಯೋಜನೆಯಿತ್ತು. ಹತ್ತು ಹತ್ತು ಮಂದಿಯ ಗುಂಪುಗಳನ್ನು ಕಟ್ಟಿ, ಪ್ರತಿಯೊಬ್ಬರಿಂದ ವಾರಕ್ಕೊಂದು ಸಣ್ಣ ನಾಣ್ಯ ಸಂಗ್ರಹಿಸುವ ವ್ಯವಸ್ಥೆ ಅವರದು. 1833ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಫ್ರೆಡರಿಕ್ ಒಝಾನಂ ತಮ್ಮ ಗೆಳೆಯರೊಂದಿಗೆ ಬಡವರ ಮನೆಗಳನ್ನು ಸಂದರ್ಶಿಸುವ ಸಂತ ವಿನ್ಸೆಂಟ್ ದಿ ಪೌಲ್ ಸಂಘವನ್ನು ಆರಂಭಿಸಿದರು. 1921ರ ಸೆಪ್ಟೆಂಬರ್ 7ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿ ಸರ್ಕಾರಿ ನೌಕರ ಫ್ರಾಂಕ್ ಡಫ್ ಮರಿಯಾ ಸೈನ್ಯ ಎಂದು ಕರೆಯಲಾಗುವ 'ಲೀಜನ್ ಆಫ್ ಮೇರಿ'ಯನ್ನು ಸ್ಥಾಪಿಸಿದರು. ವಿನ್ಸೆಂಟ್ ಸಂಘ ಮತ್ತು ಮರಿಯಾ ಸೈನ್ಯ ಕರ್ನಾಟಕದ ಧರ್ಮಕೇಂದ್ರಗಳಲ್ಲಿಯೂ ಕಾರ್ಯನಿರತವಾಗಿವೆ.

ಕರ್ನಾಟಕದಲ್ಲಿ

ಕರ್ನಾಟಕದ ಕಥೋಲಿಕರು ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಮುಂತಾದ ಭಾಷೆಗಳನ್ನಾಡುವ ಸಮುದಾಯಗಳಿಗೆ ಸೇರಿದವರು. ಅವರ ಹಬ್ಬಗಳು ಅನ್ಯಧರ್ಮೀಯ ನೆರೆಹೊರೆಯವರೊಂದಿಗೆ ಬೆರೆಯುವ ಸಂದರ್ಭಗಳೂ ಆಗಿವೆ. ಸೆಪ್ಟೆಂಬರ್ 8ರಂದು ಕನ್ಯಾ ಮರಿಯಮ್ಮನವರ ಜನ್ಮದಿನವನ್ನು ಕರಾವಳಿಯ ಕೊಂಕಣಿ ಕಥೋಲಿಕರು ತೆನೆಹಬ್ಬವಾಗಿ, ಅಂದರೆ 'ಮೊಂತಿ ಫೆಸ್ತ್' ಎಂಬ ಹೆಸರಿನಲ್ಲಿ, ಆಚರಿಸುತ್ತಾರೆ. ಕ್ರಿಸ್ಮಸ್ ಸಮಯದಲ್ಲಿ 'ಕುಸ್ವಾರ್' ಎಂಬ ಸಿಹಿತಿಂಡಿಗಳನ್ನು ನೆರೆಮನೆಗಳಿಗೆ ಹಂಚುವ ರೂಢಿಯಿದೆ. ಕಾರ್ಕಳ ಸಮೀಪದ ಅತ್ತೂರಿನ ಸಂತ ಲಾರೆನ್ಸ್ ಬೆಸಿಲಿಕಾ, ಬೆಂಗಳೂರು ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾ ಮತ್ತು ಮೈಸೂರು ಪ್ರದೇಶದ ಡೋರ್ನಹಳ್ಳಿಯ ಸಂತ ಅಂತೋಣಿ ಬೆಸಿಲಿಕಾಗಳ ಉತ್ಸವಗಳಿಗೆ ಬೇರೆ ಬೇರೆ ಧರ್ಮಗಳ ಜನರು ಬರುತ್ತಾರೆ.

ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಬಲಿಪೂಜೆಯು ಲ್ಯಾಟಿನ್ ಬದಲಿಗೆ ಜನರ ಭಾಷೆಗಳಲ್ಲಿ ನಡೆಯತೊಡಗಿತು. ಇದರಿಂದ ವಾಚನ, ಗಾಯನ ಮತ್ತು ವಿಶ್ವಾಸಿಗಳ ಪ್ರಾರ್ಥನೆಗಳಲ್ಲಿ ಶ್ರೀಸಾಮಾನ್ಯರ ಪಾತ್ರ ಹೆಚ್ಚಿತು. ಧರ್ಮಕೇಂದ್ರಗಳಲ್ಲಿ ನೆರೆಹೊರೆಯ ಕೆಲವು ಕುಟುಂಬಗಳು ಸೇರಿ ಬೈಬಲ್ ಓದುವ ಕಿರು ಕ್ರೈಸ್ತ ಸಮುದಾಯಗಳೂ, ಭಾನುವಾರದ ಧರ್ಮೋಪದೇಶದ ತರಗತಿಗಳೂ ಬಹುಮಟ್ಟಿಗೆ ಶ್ರೀಸಾಮಾನ್ಯರಿಂದಲೇ ನಡೆಯುತ್ತವೆ.

ಸ್ವಾತಂತ್ರ್ಯ, ಒತ್ತಡ ಮತ್ತು ಕಾನೂನು

1965ರ ಡಿಸೆಂಬರ್ 7ರಂದು ಪ್ರಕಟವಾದ 'ದಿಗ್ನಿತಾತಿಸ್ ಹುಮಾನೆ' ಎಂಬ ಘೋಷಣೆಯು ಧಾರ್ಮಿಕ ಸ್ವಾತಂತ್ರ್ಯವನ್ನು ಮಾನವ ಘನತೆಯ ಭಾಗವೆಂದು ಸಾರಿತು. ವಿಶ್ವಾಸವನ್ನು ಹರಡುವಾಗ ಬಲಾತ್ಕಾರ ಅಥವಾ ಅಪ್ರಾಮಾಣಿಕ ಆಮಿಷವನ್ನು, ವಿಶೇಷವಾಗಿ ಬಡವರು ಮತ್ತು ಅಶಿಕ್ಷಿತರ ವಿಷಯದಲ್ಲಿ, ಬಳಸಬಾರದೆಂದು ಅದು ಹೇಳುತ್ತದೆ. ಕಾನೂನು ಸಂಹಿತೆಯ 748ನೇ ವಿಧಿಯೂ ಆತ್ಮಸಾಕ್ಷಿಗೆ ವಿರುದ್ಧವಾಗಿ ಯಾರನ್ನೂ ಕಥೋಲಿಕ ವಿಶ್ವಾಸಕ್ಕೆ ಬಲವಂತಪಡಿಸುವಂತಿಲ್ಲ ಎನ್ನುತ್ತದೆ. 2011ರಲ್ಲಿ ವ್ಯಾಟಿಕನ್, ಚರ್ಚುಗಳ ವಿಶ್ವ ಮಂಡಳಿ ಮತ್ತು ವಿಶ್ವ ಇವಾಂಜೆಲಿಕಲ್ ಒಕ್ಕೂಟಗಳು ಜಂಟಿಯಾಗಿ ಹೊರತಂದ ಮಾರ್ಗಸೂಚಿಯು ಧರ್ಮ ಬದಲಿಸಲು ಬಯಸುವವರಿಗೆ ಯೋಚಿಸಲು ಸಾಕಷ್ಟು ಸಮಯ ಕೊಡಬೇಕೆಂದು ಸೂಚಿಸಿತು. ಕಥೋಲಿಕ ಪದ್ಧತಿಯಲ್ಲಿ ವಯಸ್ಕರು ದೀಕ್ಷಾಸ್ನಾನಕ್ಕೆ ಮುನ್ನ ಹಂತಹಂತವಾದ ಸಿದ್ಧತೆಯ ಅವಧಿಯನ್ನು ಪೂರೈಸಬೇಕು.

ಭಾರತ ಸಂವಿಧಾನದ 25ನೇ ವಿಧಿಯು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟು ಧರ್ಮವನ್ನು ಅವಲಂಬಿಸುವ, ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ನೀಡುತ್ತದೆ. ಪ್ರಚಾರದ ಹಕ್ಕು ಎಂದರೆ ತನ್ನ ಧರ್ಮದ ತತ್ತ್ವಗಳನ್ನು ವಿವರಿಸುವ ಹಕ್ಕೇ ಹೊರತು ಮತ್ತೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 1977ರಲ್ಲಿ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪು ನೀಡಿತು. ಒಡಿಶಾ (1967) ಮತ್ತು ಮಧ್ಯಪ್ರದೇಶ (1968) ಮೊದಲಾಗಿ ಹಲವು ರಾಜ್ಯಗಳು ಬಲವಂತ, ವಂಚನೆ ಮತ್ತು ಆಮಿಷದ ಮತಾಂತರವನ್ನು ನಿಷೇಧಿಸುವ ಕಾನೂನುಗಳನ್ನು ರೂಪಿಸಿವೆ. ಕರ್ನಾಟಕದಲ್ಲಿ ಇಂತಹ ಕಾನೂನು 2022ರಲ್ಲಿ ಜಾರಿಗೆ ಬಂದಿತು. ಅದನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟವು 2023ರ ಜೂನ್‌ನಲ್ಲಿ ನಿರ್ಧರಿಸಿತು. ದುರ್ಬಲರನ್ನು ಶೋಷಣೆಯಿಂದ ರಕ್ಷಿಸಲು ಇಂತಹ ಕಾನೂನು ಅಗತ್ಯವೆಂದು ಬೆಂಬಲಿಗರೂ, ಸ್ವಇಚ್ಛೆಯ ಆಯ್ಕೆ ಮತ್ತು ಸಾಮಾನ್ಯ ಸೇವಾಕಾರ್ಯಗಳೂ ಇದರಿಂದ ಅನುಮಾನಕ್ಕೆ ಒಳಗಾಗುತ್ತವೆ ಎಂದು ವಿರೋಧಿಗಳೂ ವಾದಿಸುತ್ತಾರೆ.

ವಿಮರ್ಶೆಗಳು

ಮಹಾತ್ಮ ಗಾಂಧಿಯವರು ಸೇವೆಯ ಜೊತೆಗೆ ಮತಾಂತರದ ಉದ್ದೇಶವನ್ನು ಬೆರೆಸುವುದನ್ನು ವಿರೋಧಿಸಿದ್ದರು. ಗುಲಾಬಿಯು ಬೋಧಿಸದೆ ತನ್ನ ಪರಿಮಳವನ್ನು ಹರಡುವಂತೆ ಧರ್ಮವು ಜೀವನದಲ್ಲಿ ತೋರಬೇಕೆಂಬುದು ಅವರ ಅಭಿಪ್ರಾಯವಾಗಿತ್ತು. ಜೀವನ ಸಾಕ್ಷ್ಯಕ್ಕೆ ಮೊದಲ ಸ್ಥಾನ ನೀಡುವಲ್ಲಿ ಕಥೋಲಿಕ ಬೋಧನೆಯು ಈ ನಿಲುವಿಗೆ ಹತ್ತಿರವಾಗಿದೆ. ಆದರೆ ಕೇಳುವವರಿಗೆ ಕ್ರಿಸ್ತನ ಹೆಸರನ್ನು ಮಾತಿನಲ್ಲಿ ತಿಳಿಸುವುದೂ ಅಗತ್ಯವೆನ್ನುವಲ್ಲಿ ಅದು ಭಿನ್ನವಾಗುತ್ತದೆ.

ಧರ್ಮಸಭೆಯ ಒಳಗಿನಿಂದಲೂ ಟೀಕೆಗಳು ಬಂದಿವೆ. ನಿರ್ಧಾರಗಳು ಗುರುಗಳ ಕೈಯಲ್ಲಿಯೇ ಉಳಿದು, ಶ್ರೀಸಾಮಾನ್ಯರು, ವಿಶೇಷವಾಗಿ ಮಹಿಳೆಯರು, ಸಹಾಯಕರಾಗಿಯೇ ಇದ್ದಾರೆ ಎಂಬುದು ಒಂದು ಟೀಕೆ. ಪೋಪ್ ಫ್ರಾನ್ಸಿಸರು ಗುರುಪ್ರಾಬಲ್ಯದ ಈ ಮನೋಭಾವವನ್ನು ಹಲವು ಬಾರಿ ಖಂಡಿಸಿದ್ದರು. ಭಾರತದಲ್ಲಿ ಜಾತಿತಾರತಮ್ಯವು ಕ್ರೈಸ್ತ ಸಮುದಾಯದೊಳಗೂ ಉಳಿದಿರುವುದು ಸಾಕ್ಷ್ಯದ ವಿಶ್ವಾಸಾರ್ಹತೆಯನ್ನೇ ಕುಗ್ಗಿಸುತ್ತದೆ ಎಂಬುದು ಇನ್ನೊಂದು ಟೀಕೆ. ಭಾರತೀಯ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2016ರಲ್ಲಿ ಪ್ರಕಟಿಸಿದ ದಲಿತ ಸಬಲೀಕರಣ ನೀತಿಯಲ್ಲಿ ಧರ್ಮಸಭೆಯೊಳಗಿನ ಈ ತಾರತಮ್ಯವನ್ನು ಒಪ್ಪಿಕೊಂಡು, ಅದನ್ನು ತೊಡೆದುಹಾಕಬೇಕೆಂದು ಕರೆ ನೀಡಿತು.